ಬಾರದ ಕಾಯಿಲೆಗೆ ಬಿರುದುಂಟೆ?

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ಸಿಕ್ಕುತ್ತದೆ. ಮಳೆಗಾಲದಲ್ಲಿ ಇಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಸುತ್ತಲಿನ ತುಂಬುಹೊಳೆಯೇ ಆ ಮರಿಗಳಿಗೆ ಕಾವಲು. ಈ ಸೀಮೆಯ ಮನುಷ್ಯರ ಮಕ್ಕಳಿಗಾದರೋ ಅಂಥ ಕಾವಲನ್ನು ತಿಳಿವಳಿಕೆಯಿಂದಲೇ ಕಟ್ಟಿಕೊಡಬೇಕಾಗಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲ ಹಳ್ಳಿಗಳ ಜನರೂ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅದಕ್ಕೆ ಕಾರಣವಾದ ಹೊಸ ವೈರಸ್ಸನ್ನು ಗುರುತಿಸಿದರು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಮಂಗವೂ ಅದರ ಬಲಿಯೇ ಹೊರತು ಅಪರಾಧಿಯಲ್ಲ. ರೋಗವನ್ನು ಹರಡುವುದು ಉಣುಗು. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ತರಗೆಲೆಯ ನಡುವೆ ಅಡಗಿರುತ್ತವೆ. ಡಿಸೆಂಬರಿನಿಂದ ಮೇ ತನಕ ಕಾಯಿಲೆಯ ಕಾಲ. ತರಗೆಲೆಗೂ ಸೌದೆಗೂ ಜನ ಕಾಡಿಗೆ ಹೋಗುವ ಕಾಲವೂ ಅದೇ. 2018ರ ಕೊನೆಯಲ್ಲಿ ಅದು ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡು ಹಲವರ ಪ್ರಾಣವನ್ನು ತೆಗೆದುಕೊಂಡಿತು. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯೂ 2022ರಲ್ಲಿ ನಿಂತಿತು.

ಇಂಥಲ್ಲಿ ಶಾಲೆಯ ಪಾಠಕ್ಕೆ ಬೇರೆಯೇ ತೂಕ ಬರುತ್ತದೆ. ಸತ್ತ ಮಂಗದ ಬಳಿ ಸುಳಿಯಬಾರದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗುವ ಮುನ್ನ ಮೈಗೆ ಉಣುಗಿನ ಎಣ್ಣೆ ಹಚ್ಚಬೇಕು. ಬಂದ ಮೇಲೆ ಬಿಸಿನೀರು ಮಿಂದು ಬಟ್ಟೆ ಒಗೆಯಬೇಕು. ಮೇಷ್ಟರು ಇಷ್ಟನ್ನು ಹೇಳಿಕೊಟ್ಟರೆ ಮಗು ಅದನ್ನು ಮನೆಗೊಯ್ದು ಅಜ್ಜನಿಗೆ ಹೇಳುತ್ತದೆ. ಸರಕಾರದ ಭಿತ್ತಿಪತ್ರವನ್ನು ಓದದ ಅಜ್ಜ ಮೊಮ್ಮಗಳ ಮಾತನ್ನು ತೆಗೆದುಹಾಕಲಾರ.

ಆರೋಗ್ಯವನ್ನು ಕಲಿಸುವ ಈ ಕೆಲಸಕ್ಕೆ ತೀರ್ಥಹಳ್ಳಿಯಲ್ಲೇ ಒಂದು ದೊಡ್ಡ ಹೆಸರುಂಟು. 1934ರಲ್ಲಿ ಅಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಅವರು ವೈದ್ಯರಾಗಿ ಔಷಧಿಯ ಚೀಟಿ ಬರೆದುಕೊಡುವುದಕ್ಕೇ ನಿಲ್ಲಲಿಲ್ಲ. ‘ತಾಯಿ ಮಗು’ ಬರೆದರು. ತಾಯಂದಿರೂ ಹೇಳಲು ನಾಚುತ್ತಿದ್ದ ಸಂಗತಿಗಳನ್ನು ‘ಕೇಳು ಕಿಶೋರಿ’ಯಲ್ಲಿ ಬೆಳೆಯುವ ಹುಡುಗಿಯರಿಗೆ ತಿಳಿಗನ್ನಡದಲ್ಲಿ ಹೇಳಿದರು. 1991ರಲ್ಲಿ ತೀರಿಕೊಂಡ ಅವರು ಶಾಲೆಯ ಶಿಕ್ಷಕಿಯಾಗಿರಲಿಲ್ಲ. ಆದರೂ ನಾಡಿನ ಎಷ್ಟೋ ಮನೆಗಳಿಗೆ ಗುರುವಾದರು.

ನಮ್ಮಲ್ಲಿ ಶಿಕ್ಷಕರಿಗೆ ರಾಷ್ಟ್ರಪ್ರಶಸ್ತಿ 1958ರಿಂದ ಇದೆ. 1962ರಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನವೂ ಹೌದು. ಆದರೆ ಗಣಿತವನ್ನು ಚೆನ್ನಾಗಿ ಕಲಿಸಿದರೆ ಅಂಕಪಟ್ಟಿ ಸಾಕ್ಷಿ ನುಡಿಯುತ್ತದೆ. ಆರೋಗ್ಯವನ್ನು ಚೆನ್ನಾಗಿ ಕಲಿಸಿದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅದರ ಫಲ. ಬಾರದೆ ಹೋದ ಜ್ವರವನ್ನು ಯಾವ ದಫ್ತರದಲ್ಲಿ ಬರೆಯೋಣ?

ಹಾಗೆಂದು ಅದನ್ನು ಅಳೆಯಲು ಬಾರದೆಂದಲ್ಲ. ಅಳೆಯುವ ಕೋಲು ಬೇರೆ, ಅಷ್ಟೆ. ಯಾರೂ ಹೇಳದೆಯೇ ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆಯುತ್ತಾರೆಯೇ? ದೊಡ್ಡ ತರಗತಿಯ ಹುಡುಗಿಯರು ತಿಂಗಳ ಎಲ್ಲ ದಿನವೂ ಶಾಲೆಗೆ ಬರುತ್ತಾರೆಯೇ? ಮಂಗ ಸತ್ತ ಸುದ್ದಿ ಆರೋಗ್ಯ ಕೇಂದ್ರವನ್ನು ಮುಟ್ಟಿದ್ದು ಮಕ್ಕಳಿಂದಲೇ? ಬಿರುದು ಕೊಡತಕ್ಕವರು ಶಿಕ್ಷಕರ ಅರ್ಜಿಯನ್ನು ಕಾಯದೆ ಹಳ್ಳಿಗೆ ಬಂದು ಇದನ್ನು ವಿಚಾರಿಸಲಿ. ಮನೆಯ ಜಗಲಿಯಲ್ಲಿ ಕುಳಿತ ಅಜ್ಜ ಏನು ಹೇಳುತ್ತಾನೋ, ಅದನ್ನೇ ಮಾನಪತ್ರದಲ್ಲಿ ಬರೆಯಲಿ.