ಹಳೇ ಆಟಕ್ಕೆ ಹೊಸ ನೇಯ್ಗೆ

ಚಳ್ಳಕೆರೆ ಕಡೆ ಹಳೆಯ ಕಂಪ್ಯೂಟರಿನಲ್ಲಿ ಆನ್‌ಲೈನ್ ಆಟ ಆಡುವ ಹುಡುಗರನ್ನು ‘ಚಿತ್ರ ಯಾಕಪ್ಪ ಇಷ್ಟು ಮಂಕು?’ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ ‘ನೆಟ್ ಸ್ಲೋ ಐತೆ ಸಾರ್’. ಯೂಟ್ಯೂಬಿನ ಅನುಭವ ಅವರಿಗೆ ಹಾಗೆ ಕಲಿಸಿದೆ. ಸಿಗ್ನಲ್ ಕುಂದಿದರೆ ವಿಡಿಯೊ ಕಲಸಿಹೋಗುತ್ತದೆ, ಏರಿದರೆ ತಿಳಿಯಾಗುತ್ತದೆ. ಆಟದ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆನ್‌ಲೈನ್ ಆಟದ ಚಿತ್ರ ಎಲ್ಲಿಂದಲೋ ಹರಿದು ಬರುವುದೇ ಇಲ್ಲ. ನಿಮ್ಮ ಮೇಜಿನ ಮೇಲಿನ ಯಂತ್ರವೇ ಅದನ್ನು ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಬರೆಯುತ್ತದೆ. ಹಳೆಯ ಆಟವೊಂದರ ಅಂದ ಹೆಚ್ಚಿಸಲು ಸಾಧ್ಯವಾಗುವುದೂ ಈ ಕಾರಣಕ್ಕೇ.

ಸೈಬರ್ ಸೆಂಟರ್‌ಗಳ ಕಾಲದಲ್ಲಿ ಮನೆಮಾತಾಗಿದ್ದ ಕೌಂಟರ್-ಸ್ಟ್ರೈಕ್ ಆಟವನ್ನೇ ತೆಗೆದುಕೊಳ್ಳಿ. 1998ರ ಹಾಫ್-ಲೈಫ್ ಎಂಬ ಆಟದ ಮೇಲೆ ಇಬ್ಬರು ಯುವಕರು 1999ರಲ್ಲಿ ಕಟ್ಟಿದ ಹವ್ಯಾಸಿ ಆಟ ಅದು. ಮರುವರ್ಷ ವಾಲ್ವ್ ಕಂಪನಿ ಅದನ್ನು ಅಂಗಡಿಗೆ ತಂದಿತು. ನಮ್ಮಲ್ಲಿ ಬೇರೂರಿದ 1.6 ಆವೃತ್ತಿ ಬಂದದ್ದು 2003ರಲ್ಲಿ. ಆಟ ನಡೆಯುವಾಗ ಸರ್ವರ್ ಕಳಿಸುವುದು ಬರೀ ಅಂಕಿಗಳನ್ನು: ಎದುರಾಳಿ ಎಲ್ಲಿ ನಿಂತಿದ್ದಾನೆ, ಯಾವ ಕಡೆ ಮುಖ ಮಾಡಿದ್ದಾನೆ, ಗುಂಡು ಹಾರಿತೇ. ಡಯಲ್‌ಅಪ್ ಕಾಲದ ತಂತಿಯಲ್ಲೂ ಸಾಗುವಷ್ಟು ಸಣ್ಣ ಗಂಟು. ಬದಲಿಗೆ 1920×1080 ಅಳತೆಯ ಚಿತ್ರವನ್ನು ಇದ್ದ ಹಾಗೇ ಕಳಿಸಬೇಕೆಂದರೆ ಒಂದೊಂದಕ್ಕೂ 62 ಲಕ್ಷ ಬೈಟ್ ಬೇಕು, ಸೆಕೆಂಡಿಗೆ 60 ಚಿತ್ರವಾದರೆ 37 ಕೋಟಿ ದಾಟುತ್ತದೆ. ಸರ್ವರ್ ಕಳಿಸಿದ ಅಂಕಿಗಳನ್ನೂ ನಿಮ್ಮ ಯಂತ್ರದಲ್ಲೇ ಇರುವ ಆಟದ ಕಡತಗಳನ್ನೂ ಹಿಡಿದು ಗೋಡೆ, ಮರಳು, ನೆರಳು ಎಲ್ಲವನ್ನೂ ಹುಟ್ಟಿಸುವುದು ನಿಮ್ಮ ಗ್ರಾಫಿಕ್ಸ್ ಕಾರ್ಡ್. ನೆಟ್ ನಿಧಾನವಾದರೆ ಎದುರಾಳಿ ಜಿಗಿಜಿಗಿದು ಓಡುತ್ತಾನೆ, ಗುಂಡು ತಡವಾಗಿ ತಾಗುತ್ತದೆ, ಅಷ್ಟೇ. ಗೋಡೆಯ ಬಣ್ಣಕ್ಕೂ ಟವರಿಗೂ ಸಂಬಂಧವಿಲ್ಲ. (ಕ್ಲೌಡ್ ಗೇಮಿಂಗ್‌ನ ಮಾತು ಬೇರೆ. ಅಲ್ಲಿ ದೂರದ ಯಂತ್ರ ಚಿತ್ರ ಬರೆದು ವಿಡಿಯೊ ಕಳಿಸುತ್ತದೆ.)

ಕಾರ್ಡ್ ಚಿತ್ರ ಬರೆಯುವ ಬಗೆಯನ್ನು ಅರಿಯಲು ಮೊಳಕಾಲ್ಮುರಿನ ರೇಷ್ಮೆ ಸೀರೆಗಿಂತ ಒಳ್ಳೆಯ ಪಾಠವಿಲ್ಲ. ಸೆರಗಿನ ನವಿಲು ಮೊದಲು ಗ್ರಾಫ್ ಹಾಳೆಯ ಮೇಲೆ ಹುಟ್ಟುತ್ತದೆ. ಯಾವ ಚೌಕ ತುಂಬಬೇಕು, ಯಾವುದು ಖಾಲಿ ಎಂದು ಗುರುತು ಮಾಡಿ, ಅದರಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗದ ಮೇಲಿನ ಜಕಾರ್ಡ್ ಎಂಬ ಸಾಧನಕ್ಕೆ ಏರಿಸುತ್ತಾರೆ. ತೂತಿದ್ದ ಕಡೆ ಹಾಸಿನ ಎಳೆ ಏಳುತ್ತದೆ, ಹೊಕ್ಕಿನ ಜರಿ ಅದರ ಅಡಿಯಲ್ಲಿ ಹಾಯುತ್ತದೆ. ನವಿಲಿನ ಕತ್ತಿನ ಬಾಗು ದೂರದಿಂದ ನುಣುಪು, ಹತ್ತಿರದಿಂದ ಮೆಟ್ಟಿಲು ಮೆಟ್ಟಿಲು. ಕಂಪ್ಯೂಟರಿನ ಪರದೆಯೂ ಹೀಗೇ ಚೌಕಗಳ ಹಾಸು. ಆಟದ ಲೋಕವೆಲ್ಲ ತ್ರಿಕೋನಗಳಿಂದ ಆದದ್ದು. ಪ್ರತಿ ತ್ರಿಕೋನ ಪರದೆಯ ಯಾವ ಯಾವ ಚೌಕದ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕಿ ಬಣ್ಣ ತುಂಬುವುದೇ ಕಾರ್ಡಿನ ದುಡಿಮೆ.

ಎಳೆ ಹೆಚ್ಚಾದಷ್ಟೂ ಮೆಟ್ಟಿಲು ಕಿರಿದಾಗುತ್ತದೆ. ಈ ಮಗ್ಗದ ಸಾಧನವನ್ನು ರೂಪಿಸಿದ ಜಕಾರ್ಡನದೇ ಭಾವಚಿತ್ರವನ್ನು 1839ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು 24,000 ಕಾರ್ಡು ಬೇಕಾದವು. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ತನ್ನ ಮನೆಯಲ್ಲಿ ಅದರದೊಂದು ಪ್ರತಿ ಇಟ್ಟುಕೊಂಡಿದ್ದ. ನೋಡಿದವರು ಅದನ್ನು ನೇಯ್ಗೆ ಎಂದು ನಂಬದೆ ಅಚ್ಚಿನ ಚಿತ್ರ ಎಂದುಕೊಳ್ಳುತ್ತಿದ್ದರಂತೆ.

ಹಳೆಯ ಆಟದಲ್ಲಿ ಮೊದಲು ಸರಿಪಡಿಸಬೇಕಾದದ್ದೂ ಎಳೆಯ ಲೆಕ್ಕವೇ. ಅನೇಕ ಹಳೆಯ ಆಟಗಳು ಇಂದಿಗೂ 640×480 ಅಥವಾ 800×600ರಲ್ಲಿ ತೆರೆದುಕೊಳ್ಳುತ್ತವೆ. 800×600 ಎಂದರೆ 4,80,000 ಚೌಕ, ಚುಕ್ಕಿ ಎನ್ನೋಣ. ಸಾಮಾನ್ಯ ಲ್ಯಾಪ್‌ಟಾಪಿನ 1366×768 ಪರದೆಯಲ್ಲಿ 10,49,088 ಚುಕ್ಕಿಗಳಿವೆ. ಅರ್ಧಕ್ಕಿಂತ ಕಡಿಮೆ ಚುಕ್ಕಿಯ ಚಿತ್ರವನ್ನು ಎಳೆದು ಹಿಗ್ಗಿಸಿದಾಗ ಮಂಕಾಗದೆ ಇನ್ನೇನು? ಪರದೆಗೆ ಎಷ್ಟು ಚುಕ್ಕಿಯೋ ಆಟಕ್ಕೂ ಅಷ್ಟೇ ಎಂದು ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಹೊಂದಿಸಿದರೆ ಅರ್ಧ ರೋಗ ವಾಸಿ. ಕಾಸಿಲ್ಲದ ಮದ್ದು.

ಮಗ್ಗಕ್ಕಿಲ್ಲದ ಒಂದು ಸೌಕರ್ಯ ಪರದೆಗಿದೆ. ಎಳೆ ಒಂದೋ ಜರಿ, ಇಲ್ಲವೇ ಒಡಲಿನ ಬಣ್ಣ, ನಡುವಿನದು ಸಾಧ್ಯವಿಲ್ಲ. ಪರದೆಯ ಚುಕ್ಕಿ ಮಾತ್ರ ಕಾಲು ಪಾಲು ಗೋಡೆ, ಮುಕ್ಕಾಲು ಪಾಲು ಆಕಾಶ ಆಗಬಲ್ಲದು. ಅಂಚಿನ ಚುಕ್ಕಿಯೊಳಗೆ ನಾಲ್ಕೋ ಎಂಟೋ ಜಾಗದಲ್ಲಿ ಇಣುಕಿ, ಸಿಕ್ಕ ಬಣ್ಣಗಳ ಸರಾಸರಿ ತೆಗೆದರೆ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ. ಆಂಟಿ-ಅಲಿಯಾಸಿಂಗ್ ಎಂದರೆ ಇಷ್ಟೇ. ಆಟದೊಳಗೆ ಈ ಆಯ್ಕೆ ಇಲ್ಲದಿದ್ದರೂ ಗ್ರಾಫಿಕ್ಸ್ ಡ್ರೈವರಿನ ಕಂಟ್ರೋಲ್ ಪ್ಯಾನೆಲ್‌ನಿಂದ ಎಷ್ಟೋ ಹಳೆಯ ಆಟಗಳಿಗೆ ಅದನ್ನು ಹೇರಬಹುದು. ಪಕ್ಕದಲ್ಲೇ ಇರುವ ಆನಿಸೋಟ್ರೋಪಿಕ್ ಫಿಲ್ಟರಿಂಗ್ ಅನ್ನು 16xಗೆ ಏರಿಸಿ. ದೂರಕ್ಕೆ ಚಾಚಿದ ನೆಲ ಕಲಸಿಹೋಗದೆ ಕೊನೆಯವರೆಗೂ ನೆಲವಾಗಿಯೇ ಕಾಣುತ್ತದೆ. ಇಂದಿನ ಕಾರ್ಡಿಗೆ ಇದು ಲೆಕ್ಕಕ್ಕೇ ಇಲ್ಲದ ಭಾರ. ರೆಸಲ್ಯೂಷನ್ ಸರಿಪಡಿಸಿದ ಮೇಲೆ ಇನ್ನೊಂದೇ ಒಂದು ಬದಲಾವಣೆ ಮಾಡಿಕೊಳ್ಳುತ್ತೇನೆ ಎನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಇನ್ನು ಕಷ್ಟದ ಭಾಗ. ತ್ರಿಕೋನಗಳ ಮೈಗೆ ಅಂಟಿಸುವ ಚಿತ್ರಕ್ಕೆ ಟೆಕ್ಸ್‌ಚರ್ ಎನ್ನುತ್ತಾರೆ. ಇಟ್ಟಿಗೆ ಗೋಡೆ ಎಂದು ನಮಗೆ ಕಾಣುವುದು ಚಪ್ಪಟೆ ಹಲಗೆಗೆ ಹಚ್ಚಿದ ಇಟ್ಟಿಗೆಯ ಫೋಟೊ. ಕೌಂಟರ್-ಸ್ಟ್ರೈಕ್ 1.6ರಲ್ಲಿ ಇಂಥ ಒಂದೊಂದು ಚಿತ್ರಕ್ಕೂ ಸಿಗುತ್ತಿದ್ದದ್ದು 256 ಬಣ್ಣ ಮಾತ್ರ. ಚಿತ್ರವೂ ಅಂಗೈಯಗಲ. ಪರದೆಯನ್ನು ಎಷ್ಟೇ ಸೂಕ್ಷ್ಮ ಮಾಡಿದರೂ ಗೋಡೆಯ ಹತ್ತಿರ ಹೋದಾಗ ಈ ಬಡತನ ಬಯಲಾಗುತ್ತದೆ. ಸಣ್ಣ ಚಿತ್ರವನ್ನು ಯಂತ್ರಕಲಿಕೆಯಿಂದ ದೊಡ್ಡದು ಮಾಡುವ ಇಎಸ್‌ಆರ್‌ಗ್ಯಾನ್ ಎಂಬ ವಿಧಾನ 2018ರಲ್ಲಿ ಬಂದಾಗ ಹಳೆಯ ಆಟಗಳ ಅಭಿಮಾನಿಗಳು ಅದಕ್ಕೆ ಮುಗಿಬಿದ್ದರು. ಸಾವಿರಾರು ಚಿತ್ರ ನೋಡಿ ಕಲಿತ ಜಾಲ ಅದು. ಕಲ್ಲು, ಹುಲ್ಲು, ತುಕ್ಕು ಚೆನ್ನಾಗಿಯೇ ಹಿಗ್ಗುತ್ತವೆ. ಆದರೆ ಮೂಲದಲ್ಲಿ ಇಲ್ಲದ ವಿವರವನ್ನು ಅದು ಕಂಡುಹಿಡಿಯುವುದಿಲ್ಲ, ಊಹಿಸುತ್ತದೆ. ಮುಖಗಳಲ್ಲಿ, ಬೋರ್ಡಿನ ಬರಹದಲ್ಲಿ ಆ ಊಹೆ ವಿಚಿತ್ರವಾಗಿ ಎಡವುತ್ತದೆ. ಇನ್ನೊಂದು ತೊಂದರೆ ಒಟ್ಟಂದದ್ದು: ಎಂಟು ಮೂಲೆಯ ಒರಟು ಪೀಪಾಯಿಗೆ ಕೂದಲೆಳೆಯಷ್ಟು ನವಿರಾದ ಮರದ ಗೆರೆ ಹಚ್ಚಿದರೆ ಪೀಪಾಯಿಯ ಒರಟುತನವೇ ಎದ್ದು ಹೊಡೆಯುತ್ತದೆ. ಎಲ್ಲೆಲ್ಲೂ ‘ಎಚ್‌ಡಿ’ ಹಚ್ಚಿದ ಅನೇಕ ಹಳೆಯ ಆಟಗಳು ನನಗೆ ಮೊದಲಿಗಿಂತ ಕೆಟ್ಟದಾಗಿಯೇ ಕಂಡಿವೆ.

ಟೆಕ್ಸ್‌ಚರಿಗಿಂತ ಹೆಚ್ಚು ಕಳೆ ತರುವುದು ಬೆಳಕು. ಹೇಗೆಂದು ತಿಳಿಯಲು ಶಾಸನದ ಕಲ್ಲು ನೋಡಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಇಂಥ ಸವೆದ ಶಾಸನದ ಮುಂದೆ ನಿಂತು ನೇರ ಎದುರಿನಿಂದ ಟಾರ್ಚ್ ಹಾಕಿದರೆ ಅಕ್ಷರ ಕಲ್ಲಿನಲ್ಲಿ ಕರಗಿಹೋಗುತ್ತದೆ. ಟಾರ್ಚನ್ನು ಬದಿಗೆ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ ಕೊರೆದ ಪ್ರತಿ ಗೆರೆಗೂ ಒಂದು ಕಡೆ ಮಿಂಚು, ಇನ್ನೊಂದು ಕಡೆ ನೆರಳು. ತಗ್ಗು ಇದೆ ಎಂದು ಕಣ್ಣಿಗೆ ಹೇಳುವುದು ಆ ನೆರಳು. 1978ರಲ್ಲಿ ಜಿಮ್ ಬ್ಲಿನ್ ಎಂಬ ಗಣಕ ವಿಜ್ಞಾನಿ ಹಿಡಿದದ್ದು ಇದೇ ಗುಟ್ಟನ್ನು: ನೆರಳಿನ ಲೆಕ್ಕವನ್ನಷ್ಟೇ ಬದಲಿಸಿದರೆ ಚಪ್ಪಟೆ ಮೈ ಉಬ್ಬುತಗ್ಗಾಗಿ ಕಾಣುತ್ತದೆ, ಒಂದು ತ್ರಿಕೋನವನ್ನೂ ಸೇರಿಸಬೇಕಿಲ್ಲ. ಪ್ರತಿ ಚುಕ್ಕಿ ಯಾವ ದಿಕ್ಕಿಗೆ ವಾಲಿದೆ ಎಂದು ಬರೆದಿಟ್ಟ ಹಾಳೆಗೆ ಇಂದು ನಾರ್ಮಲ್ ಮ್ಯಾಪ್ ಎನ್ನುತ್ತಾರೆ. ಅದನ್ನು ಓದಬಲ್ಲ ಎಂಜಿನ್ (ಆಟವನ್ನು ನಡೆಸುವ ತಂತ್ರಾಂಶ) ಇದ್ದರೆ ಹಳೆಯ ಇಟ್ಟಿಗೆ ಗೋಡೆಯ ಸಂದುಗಳಿಗೂ ಆಳ ಬರುತ್ತದೆ.

ಬೆಳಕಿನ ಈ ಲೆಕ್ಕದ ತುತ್ತತುದಿಯನ್ನು 2019ರ ಜೂನ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್ವಿಡಿಯಾ ತೋರಿಸಿತು. 1997ರ ಕ್ವೇಕ್ 2 ಆಟದ ಮೂಲ ಸಂಕೇತ 2001ರಿಂದಲೇ ಮುಕ್ತವಾಗಿತ್ತು. ಅದಕ್ಕೆ ಪಾತ್ ಟ್ರೇಸಿಂಗ್ ಅಳವಡಿಸಿದರು, ಅಂದರೆ ಬೆಳಕಿನ ಒಂದೊಂದು ಕಿರಣ ಗೋಡೆಗೆ ಬಡಿದು, ನೀರಲ್ಲಿ ಬಾಗಿ, ಕಣ್ಣಿಗೆ ಬರುವ ಹಾದಿಯನ್ನು ಲೆಕ್ಕ ಹಾಕುವುದು. ಆಟದ ನಕ್ಷೆ ಅದೇ, ಶತ್ರುಗಳು ಅವರೇ. ಬೆಳಕು ಬದಲಾದದ್ದಕ್ಕೆ ಆಟದ ಮುಖವೇ ಬೇರೆಯಾಯಿತು.

ಹಾಗಾದರೆ ಯಾರು ಬೇಕಾದರೂ ಏನು ಬೇಕಾದರೂ ಬದಲಿಸಬಹುದೇ? ಒಂಟಿಯಾಗಿ ಆಡುವಾಗ ಬದಲಿಸಬಹುದು. ಆನ್‌ಲೈನಿನಲ್ಲಿ ಎದುರಿಗೆ ಇನ್ನೊಬ್ಬನಿದ್ದಾನೆ. ಹಿಂದೆ ಕೆಲವರು ಆಟಗಾರನ ಮಾದರಿಗೆ ಉದ್ದನೆಯ ಮುಳ್ಳುಗಳನ್ನು ಸೇರಿಸಿದ ಕಡತ ಹಾಕಿಕೊಳ್ಳುತ್ತಿದ್ದರು. ಮುಳ್ಳು ಗೋಡೆ ದಾಟಿ ಹೊರಗೆ ಕಾಣುವುದರಿಂದ ಅಡಗಿದವನ ಜಾಗ ಗೊತ್ತಾಗುತ್ತಿತ್ತು. ಅದಕ್ಕೇ ಸರ್ವರ್ ನಿಮ್ಮ ಕಡತ ಮೂಲದ್ದೇ ಹೌದೇ ಎಂದು ತಾಳೆ ನೋಡುತ್ತದೆ, ಹೊಂದದಿದ್ದರೆ ಹೊರಗಟ್ಟುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬಂದ ಕೌಂಟರ್-ಸ್ಟ್ರೈಕ್ 2ರಲ್ಲಿ ಹೊಗೆ ಗಾಳಿಯಲ್ಲಿ ಹರಡಿ, ಬಾಗಿಲಿನಿಂದ ನುಸುಳಿ, ಗುಂಡು ತೂರಿದಾಗ ಕ್ಷಣ ಬಿರಿಯುತ್ತದೆ. ಎಲ್ಲರಿಗೂ ಒಂದೇ ಹೊಗೆ ಕಾಣುವಂತೆ ಅದನ್ನು ಕಟ್ಟಿದ್ದಾರೆ. ಅಡಗಲು ಬಳಸುವ ಹೊಗೆ ಅಗ್ಗದ ಕಾರ್ಡಿನಲ್ಲಿ ತೆಳುವಾಗಿ ಕಂಡರೆ ಪಂದ್ಯವೇ ಕೆಡುತ್ತದಲ್ಲ! ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆಟಕ್ಕೆ 2021ರಲ್ಲಿ ಅಭಿಮಾನಿಯೊಬ್ಬ ಎಚ್‌ಡಿ ಹೊದಿಕೆ ತಯಾರಿಸಿದಾಗ ಕಂಪನಿ ಮೊದಲು ತಡೆಯಿತು, ಆಟಗಾರರು ಸಿಡಿದೆದ್ದ ಮೇಲೆ ಒಪ್ಪಿತು. ಆದ್ದರಿಂದ ಕಡತ ಬದಲಿಸುವ ಮುನ್ನ ಆ ಆಟದ ನಿಯಮ ಓದಿ. ರೆಸಲ್ಯೂಷನ್, ಫಿಲ್ಟರಿಂಗ್‌ಗಳಿಗೆ ಸಾಮಾನ್ಯವಾಗಿ ಯಾರ ತಕರಾರೂ ಇರುವುದಿಲ್ಲ.

ಕಂಪನಿಗಳೇ ಈ ಕೆಲಸಕ್ಕೆ ಇಳಿದಾಗ ಬೇರೆ ತೊಡಕು.  ರಾಕ್‌ಸ್ಟಾರ್ ಕಂಪನಿ ತನ್ನ 2013ರ ಜಿಟಿಎ ಆನ್‌ಲೈನ್ ಆಟಕ್ಕೆ 2025ರ ಮಾರ್ಚಿನಲ್ಲಿ ಪಿಸಿಯಲ್ಲಿ ಹೊಸ ಬೆಳಕಿನ ಆವೃತ್ತಿ ತಂದಿತು. ಹಳೆಯದೂ ಉಳಿಯಿತು, ಆದರೆ ಎರಡರ ಆಟಗಾರರು ಒಂದೇ ಅಖಾಡದಲ್ಲಿ ಸೇರುವಂತಿಲ್ಲ. ಹೊಸ ಕಾರ್ಡಿಲ್ಲದ ಗೆಳೆಯ ಹಿಂದೆಯೇ ಉಳಿದ.

ಚಳ್ಳಕೆರೆಯವರು ಮರೆಯಬಾರದ ಇನ್ನೊಂದು ಲೆಕ್ಕ ಬಿಸಿಯದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಬೇಸಿಗೆಯ ಬಿಸಿಲು, ಧೂಳು ಎರಡೂ ಜೋರು. ಕಾರ್ಡಿನ ಚಿಪ್‌ನಿಂದ ಗಾಳಿಗೆ ಬಿಸಿ ಹರಿಯುವುದು ಇವೆರಡರ ನಡುವಿನ ಉಷ್ಣಾಂಶದ ಅಂತರದಿಂದ. ಕೋಣೆಯೇ 38 ಡಿಗ್ರಿ ಇದ್ದು, ಫ್ಯಾನಿನ ರೆಕ್ಕೆಗೆ ಧೂಳು ಮೆತ್ತಿದ್ದರೆ ಕಾರ್ಡ್ ಬೇಗ ಕಾದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಚಿತ್ರ ತಡವರಿಸುತ್ತದೆ, ಬೈಗುಳ ನೆಟ್‌ಗೆ ಬೀಳುತ್ತದೆ. ಯಂತ್ರ ಆರಿಸಿ, ಫ್ಯಾನ್ ತಿರುಗದಂತೆ ಹಿಡಿದು, ಬಣ್ಣದ ಬ್ರಷ್‌ನಿಂದ ಧೂಳು ತೆಗೆಯಿರಿ. ಹಗುರವಾದ ಹಳೆಯ ಆಟವೆಂದರೆ ಲಗಾಮಿಲ್ಲದ ಕಾರ್ಡ್ ಸೆಕೆಂಡಿಗೆ ಮುನ್ನೂರು ಚಿತ್ರ ಬರೆಯಲೂ ಹೇಸುವುದಿಲ್ಲ. 60 ಹರ್ಟ್ಸ್ ಪರದೆ ಅದರಲ್ಲಿ ಪೂರ್ತಿಯಾಗಿ ತೋರಿಸುವುದು 60 ಮಾತ್ರ. ಫ್ರೇಮಿನ, ಅಂದರೆ ಸೆಕೆಂಡಿನ ಚಿತ್ರಗಳ, ಮಿತಿಯನ್ನು 60ಕ್ಕೆ ಕಟ್ಟಿ. ಹಾಗೆ ಉಳಿದ ದುಡಿಮೆಯನ್ನು ಆಂಟಿ-ಅಲಿಯಾಸಿಂಗ್‌ಗೆ ಕೊಟ್ಟರೂ ಕಾರ್ಡ್ ಮೊದಲಿಗಿಂತ ತಣ್ಣಗೇ ಇರುತ್ತದೆ.