ಹಿನ್ನೀರಿನ ದಡದಲ್ಲಿ ದೋಣಿಗೆ ನೆಲೆ



ಎತ್ತಿಗೆ ಕೊಟ್ಟಿಗೆ ಎಲ್ಲಿ ಕಟ್ಟಬೇಕು ಎಂಬುದಕ್ಕೆ ನಾವು ನಾಲ್ಕು ಜನ ಹಿರಿಯರನ್ನು ಕೇಳುತ್ತೇವೆ. ಮಳೆನೀರು ನಿಲ್ಲುವ ಜಾಗವೆ, ಇರಿಚಲು ಯಾವ ಕಡೆಯಿಂದ ಹೊಡೆಯುತ್ತದೆ, ಮನೆಗೆ ಎಷ್ಟು ದೂರ, ಎಲ್ಲವನ್ನೂ ನೋಡುತ್ತೇವೆ. ದೋಣಿಯ ಮಾತು ಬಂದಾಗ ಮಾತ್ರ, ಬಂದು ಇಳಿದ ಕಡೆಯೇ ಯಾವುದೋ ಮೋಟುಮರಕ್ಕೆ ಹಗ್ಗ ಸುತ್ತಿ ಮನೆ ಕಡೆ ನಡೆದುಬಿಡುತ್ತೇವೆ. ಭದ್ರಾ ಹಿನ್ನೀರಿನ ದಡದಲ್ಲಿ ಬೇಸಾಯದ ಜತೆಗೆ ಮೀನು ಹಿಡಿದು ಬದುಕುವ ಸಂಸಾರಗಳಿಗೆ ದೋಣಿಯೆಂದರೆ ಒಂದು ಜೊತೆ ಎತ್ತಿಗೆ ಸಮ. ಅದು ಹೋದರೆ ಅದರೊಳಗಿನ ಬಲೆಯೂ ಹೋಯಿತು. ಸಾಲ ಒಂದು ಉಳಿಯಿತು. ಆದುದರಿಂದ ದೋಣಿಗೆ ನೆಲೆ ಹುಡುಕುವ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಾನು ಬೇಸಾಯದ ಡಿಪ್ಲೊಮಾ ಓದಿದವನು. ಹುಟ್ಟು ಹಾಕುವ ವಿದ್ಯೆ ದಡದ ಜನರದ್ದು. ಲೆಕ್ಕ ಹಾಕುವ ಕೆಲಸ ಮಾತ್ರ ನನ್ನದು.

ಮೊದಲು ಕಡಲ ಕರೆಯವರನ್ನು ನೋಡೋಣ. ಗಂಗೊಳ್ಳಿಯಲ್ಲೋ ಹೊನ್ನಾವರದಲ್ಲೋ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಏರಿಳಿತ ಹೆಚ್ಚು, ಸುಮಾರು ಆಳೆತ್ತರ. ಅಲ್ಲಿನವರು ಬೆಳಿಗ್ಗೆ ನೀರು ಎಲ್ಲಿತ್ತು ಅಂತ ನೋಡಿ ದೋಣಿ ಕಟ್ಟುವುದಿಲ್ಲ. ನೀರು ತುಂಬ ಇಳಿದಾಗ ದೋಣಿಯ ತಳಕ್ಕೆ ಏನು ತಗಲುತ್ತದೆ, ತುಂಬ ಏರಿದಾಗ ಹಗ್ಗ ಸಾಲುತ್ತದೆಯೇ, ಈ ಎರಡನ್ನೂ ಕೇಳಿಕೊಂಡು ಕಟ್ಟುತ್ತಾರೆ. ನೀರು ತುಂಬಿದ್ದಾಗ ಬಿಗಿಯಾಗಿ ಕಟ್ಟಿದರೆ ಇಳಿತದಲ್ಲಿ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ಇಳಿದಿದ್ದಾಗ ಬಿಗಿಯಾಗಿ ಕಟ್ಟಿದರೆ ಭರತದಲ್ಲಿ ಮೂತಿ ನೀರೊಳಕ್ಕೆ ಎಳೆದುಹೋಗುತ್ತದೆ. ಕೆನಡಾ ದೇಶದ ಫಂಡಿ ಕೊಲ್ಲಿಯಲ್ಲಿ ಈ ಏರಿಳಿತ ಐವತ್ತು ಅಡಿ ಮುಟ್ಟುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ದೋಣಿಗಳು ಬಂದರಿನ ನೆಲದ ಮೇಲೆಯೇ ಕುಳಿತಿರುತ್ತವೆ.

ನಮ್ಮದು ಮಲೆನಾಡು, ನಮಗೂ ಭರತಕ್ಕೂ ಏನು ಸಂಬಂಧ ಅನ್ನುತ್ತೀರೇನೋ. ಸಂಬಂಧ ಇದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಮಳೆ ಚೆನ್ನಾಗಿ ಆದ ವರ್ಷ ಜುಲೈ, ಆಗಸ್ಟ್ ಹೊತ್ತಿಗೆ ಅಲ್ಲಿಗೆ ಮುಟ್ಟುತ್ತದೆ. ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಟ್ಟ ಮೇಲೆ ಇಳಿಯತೊಡಗಿ, ಮೇ ಕೊನೆಗೆ ನಲವತ್ತು, ಐವತ್ತು ಅಡಿ ಕೆಳಗೆ ಹೋಗುವುದುಂಟು. ಮಳೆ ಕೈಕೊಟ್ಟ 2023ರಂಥ ವರ್ಷದಲ್ಲಿ ತುಂಬುವುದೇ ಇಲ್ಲ. ಅಂದರೆ ಕಡಲಿನಲ್ಲಿ ಆರು ಗಂಟೆಯಲ್ಲಿ ಆಗುವ ಕೆಲಸ ನಮ್ಮಲ್ಲಿ ಆರು ತಿಂಗಳಲ್ಲಿ ಆಗುತ್ತದೆ. ಆದರೆ ಆಳೆತ್ತರವಲ್ಲ, ತೆಂಗಿನಮರದಷ್ಟು. ನಿಧಾನವಾಗಿ ಆಗುವುದರಿಂದಲೇ ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕ್ಟೋಬರಿನಲ್ಲಿ ಮನೆ ಹಿತ್ತಲ ತನಕ ನೀರು ಬಂದಿರುತ್ತದೆ, ಇದೇ ಒಳ್ಳೆಯ ಜಾಗ ಅಂತ ಗೂಟ ನೆಡುತ್ತೇವೆ. ಮಾರ್ಚಿಯಲ್ಲಿ ಅದೇ ಗೂಟದ ಬುಡದಲ್ಲಿ ದನ ಮೇಯುತ್ತಿರುತ್ತದೆ.

ಇಳಿಯುವ ಲೆಕ್ಕ ನೋಡಿ. ಜನವರಿಯಿಂದ ಮೇವರೆಗಿನ ನೂರೈವತ್ತು ದಿನದಲ್ಲಿ 45 ಅಡಿ ಇಳಿದರೆ ದಿನಕ್ಕೆ ಮೂರೂವರೆ ಅಂಗುಲದಷ್ಟಾಯಿತು. ಇದೇನು ಮಹಾ ಅನ್ನಿಸುತ್ತದೆ. ಆದರೆ ದಡ ಎಷ್ಟು ಇಳಿಜಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಐವತ್ತು ಅಡಿ ನಡೆದರೆ ಒಂದು ಅಡಿ ಇಳಿಯುವಂಥ ಚಪ್ಪಟೆ ದಡದಲ್ಲಿ ನೀರು ದಿನಕ್ಕೆ ಹದಿನೈದು ಅಡಿ ಹಿಂದಕ್ಕೆ ಸರಿಯುತ್ತದೆ. ಒಂದು ವಾರ ಜ್ವರ ಬಂದು ಮಲಗಿ ಎದ್ದು ಬಂದರೆ ದೋಣಿ ನೂರು ಅಡಿ ಕೆಸರಿನ ಆಚೆ ಒಣಗಿ ನಿಂತಿರುತ್ತದೆ. ಬೇಸಿಗೆಯ ಕೊನೆಗೆ ಮೂರು ಫರ್ಲಾಂಗು ಮಿಕ್ಕಿದ ದೂರ, ಬಲೆಯನ್ನೂ ಮೀನಿನ ಬುಟ್ಟಿಯನ್ನೂ ಹೊತ್ತು ನಡೆಯಬೇಕು. ಎಂಟು ಅಡಿಗೆ ಒಂದು ಅಡಿ ಇಳಿಯುವ ದಡದಲ್ಲಾದರೋ ವಾರಕ್ಕೆ ಹದಿನೇಳು ಅಡಿ, ಇಡೀ ಬೇಸಿಗೆಗೆ 360 ಅಡಿ. ನೋಡಲು ಚೆಂದವಾಗಿ, ಮೈದಾನದಂತೆ ಹರಡಿರುವ ದಡವೇ ದೋಣಿಗೆ ಕೆಟ್ಟದ್ದು. ಹಾಗೆಂದು ಬಂಡೆ ಕಡಿದು ನಿಂತಂಥ ದಡವೂ ಬೇಡ. ದೋಣಿಯನ್ನು ಮೇಲಕ್ಕೆ ಎಳೆಯುವುದು ಕಷ್ಟ, ಅಲೆಗೆ ತಳ ಉಜ್ಜಿ ಸವೆಯುತ್ತದೆ.

ಏರುವ ಲೆಕ್ಕ ಇದಕ್ಕಿಂತ ಕಠಿಣ. ಇಳಿಯುವುದು ಎತ್ತಿನ ಗಾಡಿಯಾದರೆ ಏರುವುದು ಎಕ್ಸ್‌ಪ್ರೆಸ್ ಬಸ್ಸು. ಒಂದು ದಿನವಿಡೀ ಸುಮಾರು ಹನ್ನೊಂದೂವರೆ ಸಾವಿರ ಕ್ಯೂಸೆಕ್ ನೀರು ಬಂದರೆ ಒಂದು ಟಿ.ಎಂ.ಸಿ., ಅಂದರೆ ನೂರು ಕೋಟಿ ಘನ ಅಡಿ. ಮಳೆಯ ಭರದಲ್ಲಿ ಮೂವತ್ತೈದು ಸಾವಿರ ಕ್ಯೂಸೆಕ್ ಬಂತು ಅನ್ನಿ, ದಿನಕ್ಕೆ ಮೂರು ಟಿ.ಎಂ.ಸಿ. ಆಯಿತು. ಮಟ್ಟ ಕೆಳಗಿದ್ದಾಗ ನೀರು ಹರಡಿರುವ ಜಾಗ ಐವತ್ತು ಚದರ ಕಿಲೋಮೀಟರು ಎಂದು ಲೆಕ್ಕಕ್ಕೆ ಹಿಡಿಯಿರಿ. ಆಗ ಒಂದೇ ದಿನದಲ್ಲಿ ಐದೂವರೆ ಅಡಿ ಏರುತ್ತದೆ. ನಾನು ಹೇಳಿದ ಚಪ್ಪಟೆ ದಡದಲ್ಲಿ ಅದು 275 ಅಡಿ ಒಳಕ್ಕೆ ನುಗ್ಗಿದಂತೆ. ಸಂಜೆ ನೂರು ಅಡಿ ಮೇಲಕ್ಕೆ ಎಳೆದಿಟ್ಟ ದೋಣಿ ರಾತ್ರಿಯೇ ತೇಲಿಹೋಗುತ್ತದೆ.

ಇನ್ನೊಂದು ಮಾತು. ಈ ನೀರನ್ನು ತರುವ ಮಳೆ ನಿಮ್ಮ ಊರಿನಲ್ಲಿ ಬೀಳಬೇಕೆಂದಿಲ್ಲ. ಭದ್ರೆ ಹುಟ್ಟುವುದು ಕುದುರೆಮುಖದ ಕಡೆ ಗಂಗಾಮೂಲದಲ್ಲಿ; ಕಳಸ, ಬಾಳೆಹೊನ್ನೂರು ದಾಟಿ ಬರುತ್ತಾಳೆ. ಬಾಬಾಬುಡನ್ ಗಿರಿಯ ಕಡೆಯ ನೀರನ್ನು ಹೊತ್ತ ಸೋಮವಾಹಿನಿ ಹೆಬ್ಬೆಯ ಹತ್ತಿರ ಬಂದು ಕೂಡುತ್ತಾಳೆ. ತರೀಕೆರೆಯಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಮೇಲೆ ಜಡಿಮಳೆ ಹಿಡಿದಿರುವುದುಂಟು. ಆಕಾಶ ನೋಡಿ ದೋಣಿ ಬಿಟ್ಟು ಬಂದೆ ಅನ್ನುವುದು ಜೂನ್ ತಿಂಗಳಲ್ಲಿ ನಡೆಯದ ಮಾತು. ಕಳಸದಲ್ಲಿ ನೆಂಟರಿದ್ದರೆ ಒಂದು ಫೋನು ಮಾಡಿ ಕೇಳಿ.

ಹಾಗಾದರೆ ಜಾಗ ನೋಡುವುದು ಯಾವಾಗ? ಮೇ ತಿಂಗಳಲ್ಲಿ. ನೀರು ಇಳಿದು ನೆಲ ಬೆತ್ತಲಾಗಿರುವಾಗ ದಡದುದ್ದಕ್ಕೂ ಒಮ್ಮೆ ನಡೆದು ಬನ್ನಿ. ಎಲ್ಲಿ ಕೊರಡುಗಳಿವೆ, ಎಲ್ಲಿ ಕಲ್ಲು ಎದ್ದಿದೆ, ಎಲ್ಲಿ ಹೂಳು ಕೂತಿದೆ ಎಂಬುದೆಲ್ಲ ಆಗ ಕಾಣುತ್ತದೆ. ಅಕ್ಟೋಬರಿನಲ್ಲಿ ಕನ್ನಡಿಯಂತೆ ಕಾಣುವ ನೀರಿನ ಒಂದು ಮೊಳ ಕೆಳಗೆ ಹಳೆಯ ಕಾಡಿನ ಮೋಟು ಚೂಪಾಗಿ ನಿಂತಿರುತ್ತದೆ. ಈಗಿನ ಫೈಬರ್ ದೋಣಿಯ ತಳಕ್ಕೆ ಅದೊಂದು ಸಾಕು. ಅಂಥ ಮೋಟು ಕಂಡಲ್ಲಿ, ಎದುರು ದಡದ ಯಾವ ಮರಕ್ಕೆ ನೇರ ಇದೆ ಅಂತ ಗುರುತು ಇಟ್ಟುಕೊಳ್ಳಿ.

ನೆಲ ಪರೀಕ್ಷೆಗೆ ಒಂದು ಬಿದಿರು ಗಳ ಸಾಕು. ಮೈಭಾರ ಹಾಕಿ ಒತ್ತಿದಾಗ ಒಂದು ಗೇಣಿಗೆ ನಿಂತರೆ ಚಿಂತೆಯಿಲ್ಲ. ಮೊಣಕಾಲಿನಷ್ಟು ಇಳಿದರೆ ಆ ಕಡೆ ಬೇಡ. ಹೊರೆ ಹೊತ್ತವನು ಹೂತರೆ ಒಬ್ಬನೇ ಎದ್ದು ಬರುವುದು ಸುಲಭವಲ್ಲ. ಗರಸು ಬೆರೆತ ಗಟ್ಟಿ ಕೆಂಪುನೆಲ ಎಲ್ಲಕ್ಕಿಂತ ಒಳ್ಳೆಯದು.

ಇನ್ನು ಗೂಟದ ಉಪಾಯ. ಕಡಲಿನವರಿಗೆ ಭಾರತ ಸರ್ವೇಕ್ಷಣಾ ಇಲಾಖೆ ವರ್ಷವಿಡೀ ಭರತ ಇಳಿತ ಎಷ್ಟು ಹೊತ್ತಿಗೆ ಎಂಬ ಪಟ್ಟಿಯನ್ನೇ ಅಚ್ಚು ಹಾಕಿಸಿ ಕೊಡುತ್ತದೆ. ನಮಗೆ ಅಂಥ ಪಟ್ಟಿ ಇಲ್ಲ. ಆದರೆ ದಿನಪತ್ರಿಕೆ ಇದೆ. ಭದ್ರಾ ಜಲಾಶಯದ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲವೂ ಮಳೆಗಾಲದಲ್ಲಿ ಅದರಲ್ಲಿ ಬರುತ್ತದೆ. ದಾವಣಗೆರೆಯ ಭತ್ತದವರು ಅದನ್ನು ಓದುವಷ್ಟು ನಾವು ಓದುವುದಿಲ್ಲ ಎಂಬುದೇ ವಿಚಿತ್ರ, ನೀರಿನ ಪಕ್ಕದಲ್ಲಿ ಕೂತವರು ನಾವು! ಮಟ್ಟ 180 ಅಂತ ಬಂದ ದಿನ ನಿಮ್ಮ ದಡದಲ್ಲಿ ನೀರು ಮುಟ್ಟಿದ ಕಡೆ ಒಂದು ಕಲ್ಲು ನೆಟ್ಟು ಸುಣ್ಣದಲ್ಲಿ 180 ಎಂದು ಬರೆಯಿರಿ. 175ಕ್ಕೆ ಇನ್ನೊಂದು, 170ಕ್ಕೆ ಮತ್ತೊಂದು. ಒಂದು ವರ್ಷ ಕಳೆಯುವುದರೊಳಗೆ ನಿಮ್ಮ ದಡದ ನಕ್ಷೆ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಎರಡು ಕಲ್ಲಿನ ನಡುವೆ ಹೆಜ್ಜೆ ಹಾಕಿ ನೋಡಿದರೆ ಇಳಿಜಾರು ಎಷ್ಟೆಂಬುದೂ ತಿಳಿಯಿತು. ಆಮೇಲೆ ಮಟ್ಟ ನಾಳೆ ನಾಲ್ಕು ಅಡಿ ಏರಬಹುದು ಅನ್ನಿಸಿದರೆ, ನೀರು ಎಲ್ಲಿಯ ತನಕ ಬರುತ್ತದೆ ಎಂದು ಬೆರಳಿಟ್ಟು ತೋರಿಸಬಹುದು.

ಹೀಗೆ ನೋಡುತ್ತ ಹೋದರೆ ವರ್ಷಕ್ಕೆಲ್ಲ ಒಂದೇ ನೆಲೆ ಸಾಲದೆಂದು ನಿಮಗೇ ಕಾಣುತ್ತದೆ. ತುಂಬಿದ ಕಾಲಕ್ಕೆ ಒಂದು, ನಡುಮಟ್ಟಕ್ಕೆ ಒಂದು, ಬೇಸಿಗೆಗೆ ಒಂದು, ಮೂರು ಇರಲಿ. ತುಂಬಿದಾಗ ಆಶ್ರಯ ಕೊಡುವ ಗುಡ್ಡದ ಮೂಗು ಬೇಸಿಗೆಯಲ್ಲಿ ಒಣನೆಲದ ನಡುವೆ ನಿಂತಿರುತ್ತದೆ. ಆಗ ಕೆಳಗಿನ ಇನ್ನೊಂದು ಮೂಗು ಕೆಲಸಕ್ಕೆ ಬರುತ್ತದೆ.

ಆಶ್ರಯ ಅಂದೆನಲ್ಲ, ಗಾಳಿಯ ಮಾತು ಹೇಳಲೇಬೇಕು. ಮುಂಗಾರಿನ ನಾಲ್ಕು ತಿಂಗಳು ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ನೀರಿನ ಮೇಲೆ ಗಾಳಿ ಎಷ್ಟು ದೂರ ಅಡ್ಡಿಯಿಲ್ಲದೆ ಓಡುತ್ತದೋ ಅಲೆ ಅಷ್ಟು ದೊಡ್ಡದಾಗುತ್ತದೆ. ನರಸಿಂಹರಾಜಪುರದ ಕಡೆಯ ದಡದಿಂದ ಹೊರಟ ಅಲೆ ಬೆಳೆಯುತ್ತ ಬಂದು ಬಡಿಯುವುದು ತರೀಕೆರೆಯ ಕಡೆಯ ದಡಕ್ಕೆ, ಅಂದರೆ ನಮಗೇ. ಆದುದರಿಂದ ನಮ್ಮ ಕಡೆಯವರು ಪಶ್ಚಿಮಕ್ಕೆ ಒಂದು ಗುಡ್ಡದ ಚಾಚು ಅಡ್ಡ ಇರುವ ಸಣ್ಣ ಕೊಲ್ಲಿಯನ್ನು ಹುಡುಕಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಗಾಳಿ ಮಾತ್ರ ದಿಕ್ಕು ದೆಸೆ ನೋಡುವುದಿಲ್ಲ. ಆಗ ಮಧ್ಯಾಹ್ನ ಮೋಡ ಕಟ್ಟಿತೆಂದರೆ ದೋಣಿ ಎಳೆದು ಮೇಲಿಡುವುದೇ ಸರಿ.

ಕೊಲ್ಲಿ ಹುಡುಕುವಾಗ ಹಳ್ಳ ಬಂದು ಸೇರುವ ಬಾಯಿಗೆ ಮರುಳಾಗಬೇಡಿ. ಗಾಳಿ ಇಲ್ಲ, ನೆರಳಿದೆ, ನಿಜ. ಆದರೆ ಒಂದು ದೊಡ್ಡ ಮಳೆಗೆ ಹಳ್ಳ ಹೊತ್ತು ತರುವ ದಿಮ್ಮಿ, ಬಿದಿರುಮೆಳೆ ಎಲ್ಲ ನಿಮ್ಮ ದೋಣಿಯ ಮೇಲೆಯೇ ಬರುತ್ತದೆ. ಬೇಸಿಗೆಯಲ್ಲಿ ಅಲ್ಲೇ ಹೂಳು ಹೆಚ್ಚು. ಹಳ್ಳದ ಬಾಯಿಯಿಂದ ಒಂದಿಷ್ಟು ಸರಿದು ಪಕ್ಕದ ಮಡಿಲಿನಲ್ಲಿ ಇಡಿ. ಆನೆಗಳು ನೀರಿಗೆ ಇಳಿಯುವ ದಾರಿಯೂ ಬೇಡ. ಲದ್ದಿ, ಹೆಜ್ಜೆ, ಉಜ್ಜಿದ ಮರ ಕಂಡರೆ ಅದು ಅವುಗಳ ಸಾರ್ವಜನಿಕ ರಸ್ತೆ ಅಂತ ತಿಳಿದು ನೀವೇ ದೂರ ಸರಿಯುವುದು ಮೇಲು.

ಕಾನೂನಿನ ಮಾತೂ ಇದೆ. ನಮ್ಮ ಕಡೆಯ ದಡದ ಬಹುಭಾಗ ಭದ್ರಾ ಅಭಯಾರಣ್ಯ. 1998ರಿಂದ ಹುಲಿ ಯೋಜನೆಗೂ ಸೇರಿದೆ. ಅದರ ಗಡಿಯೊಳಗೆ ಅಪ್ಪಣೆಯಿಲ್ಲದೆ ಹೋಗುವುದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಗೂಟ ನೆಡುವ ಮುಂಚೆ ಅರಣ್ಯದವರನ್ನು ಗಡಿ ಎಲ್ಲಿ ಅಂತ ಕೇಳಿ, ಮೀನುಗಾರಿಕೆ ಇಲಾಖೆಯ ಲೈಸೆನ್ಸೂ ಕೈಯಲ್ಲಿರಲಿ. ನೀರು ಇಳಿದಾಗ ಏಳುವ ನಡುಗಡ್ಡೆಗಳ ಮೇಲೆ ದೋಣಿ ಎಳೆದಿಡುವ ಅಭ್ಯಾಸವನ್ನೂ ಬಿಡಬೇಕು. ರಿವರ್ ಟರ್ನ್ ಅಂತ ಪೇಪರಿನಲ್ಲಿ ಬರೆಯುತ್ತಾರಲ್ಲ, ಆ ರೀವ ಹಕ್ಕಿಗಳು ಬೇಸಿಗೆಯಲ್ಲಿ ಅಲ್ಲಿ ಬರಿನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ನಮ್ಮ ಕಾಲಡಿಗೆ ಸಿಕ್ಕರೂ ತಿಳಿಯದಂಥ ಬಣ್ಣ ಅವಕ್ಕೆ.

ಕೊನೆಯದಾಗಿ ಹಗ್ಗ. ನೀರು ಏರುವ ಕಾಲದಲ್ಲಿ ದೋಣಿಯನ್ನು ನೀರೊಳಗಿನ ಮೋಟಿಗೆ ಗಿಡ್ಡ ಹಗ್ಗದಲ್ಲಿ ಎಂದೂ ಕಟ್ಟಕೂಡದು. ಮೋಟು ಏಳುವುದಿಲ್ಲ, ನೀರು ಏಳುತ್ತದೆ. ನಡುವೆ ಸಿಕ್ಕಿದ ದೋಣಿ ಮೂತಿ ಮುಳುಗಿ ನೀರು ಕುಡಿಯುತ್ತದೆ. ಅದನ್ನು ಬಿಡಿಸಲು ರಾತ್ರಿ ನೀರಿಗೆ ಧುಮುಕುವ ಸಾಹಸವಂತೂ ಬೇಡವೇ ಬೇಡ. ದೋಣಿ ಹೋದರೆ ಮತ್ತೊಂದು ತರಬಹುದು. ಹಗ್ಗವನ್ನು ದಡದ ಮೇಲಿನ, 186ರ ಕಲ್ಲಿಗಿಂತ ಎತ್ತರದಲ್ಲಿರುವ ಮರಕ್ಕೆ ಕಟ್ಟಿ. ದಡ ಚಪ್ಪಟೆಯಾಗಿ ಮರ ದೂರವಾದರೆ ಲಂಗರು ಹಾಕಬೇಕಾಗುತ್ತದೆ. ಆಗ ನೀವು ಮತ್ತೆ ಬರುವ ಹೊತ್ತಿಗೆ ಅಲ್ಲಿ ಎಷ್ಟು ಆಳವಾಗಬಹುದೋ ಅದರ ಮೂರರಷ್ಟಾದರೂ ಹಗ್ಗ ಬಿಡಿ. ಆಳ ಹತ್ತು ಅಡಿ ಆಗುವುದಾದರೆ ಮೂವತ್ತು ಅಡಿ. ನೆಟ್ಟ ಗಳಕ್ಕೆ ಕಬ್ಬಿಣದ ಉಂಗುರ ಸಡಿಲವಾಗಿ ತೊಡಿಸಿ ಅದಕ್ಕೆ ಕಟ್ಟುವುದೂ ಒಂದು ವಿಧಾನ, ಉಂಗುರ ನೀರಿನೊಡನೆ ಏರುತ್ತದೆ. ಇದು ಬೇಸಿಗೆಗೆ ಸರಿ. ದಿನಕ್ಕೆ ಐದು ಅಡಿ ಏರುವ ಜುಲೈಯಲ್ಲಿ ಎರಡೇ ದಿನಕ್ಕೆ ಗಳದ ತುದಿ ದಾಟಿ ಉಂಗುರ ಕಳಚಿಕೊಳ್ಳುತ್ತದೆ.

ಹರಿಗೋಲಿನವರಿಗೆ ಇಷ್ಟೆಲ್ಲ ಪಾಡಿಲ್ಲ. ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ಮನೆಗೆ ಒಯ್ಯಬಹುದು, ಒಯ್ಯಿರಿ. ದೋಣಿಯವರು ಮಳೆಗಾಲದಲ್ಲಿ ಇಳಿಸದ ದಿನಗಳಲ್ಲಿ 186ರ ಕಲ್ಲಿನಿಂದ ಮೇಲಕ್ಕೆ ಉರುಳೆ ಮರದ ಮೇಲೆ ಎಳೆದು, ಮೂರು ಕಲ್ಲು ಕೊಟ್ಟು ಬೋರಲು ಹಾಕಿ, ಎರಡೂ ತುದಿ ಕಟ್ಟಿರಿ. ಹುಟ್ಟು ಮಾತ್ರ ದೋಣಿಯಲ್ಲಿ ಬಿಡದೆ ಮನೆಯ ಅಟ್ಟಕ್ಕೆ ಸೇರಿಸಿ. ಹುಟ್ಟಿಲ್ಲದ ದೋಣಿಯನ್ನು ಮಕ್ಕಳು ನೀರಿಗೆ ತಳ್ಳುವುದಿಲ್ಲ.