ಮಾತು ಕೊಟ್ಟ ಗಂಟಲೇ ಗೊರಕೆಯನ್ನೂ ಕೊಟ್ಟಿತು!

ಕೋಲ್ಕತ್ತದ ಬಿಬಿಡಿ ಬಾಗ್ ಚೌಕ, ನಡುಮಧ್ಯಾಹ್ನ. ಲಾಲ್ ದಿಘಿ ಕೆರೆಯ ಸುತ್ತ ಬಸ್ಸುಗಳ ಹಾರ್ನ್, ಕಂಡಕ್ಟರುಗಳ ಕೂಗು, ಚಹಾದಂಗಡಿಗಳ ಮುಂದೆ ಮುಗಿಯದ ವಾಗ್ವಾದ. ಈ ಗದ್ದಲದ ನಡುವೆಯೂ, ನೆರಳಿಗೆ ನಿಂತ ಹಳದಿ ಟ್ಯಾಕ್ಸಿಯೊಳಗೆ ಸೀಟಿಗೊರಗಿ, ಬಾಯಿ ತೆರೆದು ಮಲಗಿದ ಚಾಲಕನ ಗೊರಕೆ ಕೇಳುತ್ತದೆ! ಆ ಸದ್ದು ಹುಟ್ಟುವುದೆಲ್ಲಿ? ಬರೀ ಮೂಗಿನಲ್ಲಿ ಎಂದುಕೊಂಡಿರಾ? ಇನ್ನೂ ಒಳಗೆ ಹೋಗೋಣ ಬನ್ನಿ.

ಮೂಗಿಗೆ ಮೂಳೆಯ ಆಸರೆಯಿದೆ. ಶ್ವಾಸನಾಳವನ್ನು ಮೃದ್ವಸ್ಥಿಯ ಬಳೆಗಳು ತೆರೆದು ಹಿಡಿದಿವೆ. ಇವೆರಡರ ನಡುವಿನ ಗಂಟಲಿಗೆ ಮಾತ್ರ ಅಂಥ ಗಟ್ಟಿ ಚೌಕಟ್ಟಿಲ್ಲ. ಅದನ್ನು ತೆರೆದಿಡುವ ಕೆಲಸವೆಲ್ಲ ಸ್ನಾಯುಗಳದ್ದೇ! ಎಚ್ಚರವಿದ್ದಾಗ ಅವು ಬಿಗಿಯಾಗಿರುತ್ತವೆ. ನಿದ್ದೆ ಹತ್ತಿತೋ, ಸಡಿಲಾಗುತ್ತವೆ. ಅಂಗಾತ ಮಲಗಿದರಂತೂ ನಾಲಗೆಯ ಬುಡ ಹಿಂದಕ್ಕೆ ಜಾರಿ ದಾರಿ ಕಿರಿದಾಗುತ್ತದೆ.

ಈಗ ಎರಡು ಹಾಳೆಗಳನ್ನು ಎದುರುಬದುರಾಗಿ ಇಳಿಬಿಟ್ಟು ನಡುವೆ ಊದಿ ನೋಡಿ. ದೂರ ಸರಿಯುವ ಬದಲು ಹತ್ತಿರ ಬರುತ್ತವೆ! ಗಂಟಲಲ್ಲೂ ಇದೇ ವಿಸ್ಮಯ. ಕಿರಿದಾದ ದಾರಿಯಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ, ಮೆತ್ತನೆಯ ಗೋಡೆಗಳು ಒಳಕ್ಕೆ ಬಾಗುತ್ತವೆ, ಮರುಕ್ಷಣವೇ ಬಿಡಿಸಿಕೊಳ್ಳುತ್ತವೆ. ಮೆದು ಅಂಗುಳವೂ ಕಿರುನಾಲಗೆಯೂ ಪಟಪಟ ಅದುರುತ್ತವೆ. ಗೊರಕೆಯೆಂದರೆ ಈ ಅದುರಾಟವೇ! ನೆಗಡಿಯಿಂದ ಕಟ್ಟಿದ ಮೂಗು, ಕತ್ತಿನ ಸುತ್ತ ಸೇರಿದ ಕೊಬ್ಬು, ಮಲಗುವ ಮುಂಚೆ ಕುಡಿದ ಮದ್ಯ, ಮಕ್ಕಳಲ್ಲಿ ದಪ್ಪಗಾದ ಟಾನ್ಸಿಲ್, ಏರುವ ವಯಸ್ಸು ಇವೆಲ್ಲ ಅದನ್ನು ಹೆಚ್ಚಿಸುತ್ತವೆ.

ಹಾಗಿದ್ದರೆ ಉಸಿರಿನ ಹೆದ್ದಾರಿ ಇಷ್ಟು ಮೆತ್ತಗಿರುವುದೇಕೆ? ಇಲ್ಲಿದೆ ನೋಡಿ ಮೈನವಿರೇಳಿಸುವ ಸಂಗತಿ! ಎಳೆಗೂಸಿನ ಧ್ವನಿಪೆಟ್ಟಿಗೆ ಕತ್ತಿನಲ್ಲಿ ಮೇಲಕ್ಕಿರುತ್ತದೆ. ಬೆಳೆದಂತೆ ಕೆಳಗಿಳಿಯುತ್ತದೆ, ನಾಲಗೆಯ ಬುಡವೂ ಜೊತೆಗಿಳಿಯುತ್ತದೆ. ಹೀಗೆ ಉದ್ದವಾದ ಮೆತ್ತನೆಯ ಕೊಳವೆಯನ್ನು ಕ್ಷಣಕ್ಕೊಂದು ಆಕಾರಕ್ಕೆ ತಂದೇ ನಾವು ಅ, ಇ, ಉ ಎನ್ನುವುದು. ಮಾತಿಗಾಗಿ ಮನುಷ್ಯದೇಹ ತೆತ್ತ ಬೆಲೆಗಳಲ್ಲಿ ಗೊರಕೆಯೂ ಒಂದು ಎನ್ನುವ ವಿಜ್ಞಾನಿಗಳಿದ್ದಾರೆ. ಆ ಟ್ಯಾಕ್ಸಿ ನಿಂತ ಬಿಬಿಡಿ ಬಾಗ್ ಚೌಕದ ಮಗ್ಗುಲಿನ ಕೌನ್ಸಿಲ್ ಹೌಸ್ ಬೀದಿಯಲ್ಲಿ 1882ರ ಜನವರಿ 28ರಂದು ಟೆಲಿಫೋನ್ ಎಕ್ಸ್‌ಚೇಂಜ್ ತೆರೆದು, ಊರಿನ ಮಾತು ತಂತಿಯೇರಿತು. ಆ ಮಾತನ್ನೆಲ್ಲ ರೂಪಿಸಿದ್ದೂ ನಿದ್ದೆಯಲ್ಲಿ ಗೊರಕೆ ಹೊಡೆಯುವ ಇದೇ ಮೆತ್ತನೆಯ ಗಂಟಲು!

ಕೆಲವರಲ್ಲಿ ಗಂಟಲು ಪೂರ್ತಿ ಮುಚ್ಚಿ, ಹತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಸಿರೇ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ರಾತ್ರಿಯಿಡೀ ಇದೇ ಪಾಡು. ಇದೇ ಸ್ಲೀಪ್ ಆಪ್ನಿಯಾ. ಹಗಲೆಲ್ಲ ತೂಕಡಿಕೆ, ಏರುವ ರಕ್ತದೊತ್ತಡ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಇದಕ್ಕೆ ಕಂಡುಕೊಂಡ ಮದ್ದು ಏನು ಗೊತ್ತೇ? ಗಾಳಿ! ಮೂಗಿನ ಮೂಲಕ ಒತ್ತಡದಿಂದ ಗಾಳಿ ಹಾಯಿಸಿದರೆ ಸಾಕು, ಮೂಳೆಯಿಲ್ಲದ ಗಂಟಲಿಗೆ ಗಾಳಿಯೇ ಆಸರೆ.

ಗೊರಕೆ ಹೊಡೆಯುವವರಿಗೆ ತಮ್ಮ ಉಸಿರು ನಿಂತದ್ದು ತಿಳಿಯುವುದು ಕಡಿಮೆ. ಆದ್ದರಿಂದ ಪಕ್ಕದಲ್ಲಿ ಮಲಗುವವರೇ, ಸದ್ದಿನ ನಡುವೆ ಉಸಿರು ನಿಂತು ಮತ್ತೆ ಏದುಸಿರು ಬಂದರೆ ನಕ್ಕು ಸುಮ್ಮನಾಗಬೇಡಿ. ಕಂಡದ್ದನ್ನು ವೈದ್ಯರ ಮುಂದೆ ಹೇಳಿ. ಗೊರಕೆ ಹೊಡೆಯುವವರ ಪರವಾಗಿ ಮಾತಾಡಬಲ್ಲವರು ನೀವೇ.